ಮೂರು ರಾಯರ ಹಬ್ಬವೂ ಗ್ರಹಗಳ ಹಾದಿಯೂ



ಕ್ರಿಸ್ತಜಯಂತಿಯ ಸಡಗರ ಇಳಿಯುವ ಹೊತ್ತಿಗೆ ಮೂರು ರಾಯರ ಹಬ್ಬ ಬರುತ್ತದೆ. ಗೋದಲಿಯ ಒಂದು ಮೂಲೆಯಲ್ಲಿ ನಿಂತಿದ್ದ ಒಂಟೆಗಳು ಬಾಲಯೇಸುವಿನ ಹತ್ತಿರಕ್ಕೆ ಸರಿಯುತ್ತವೆ. ಬಿದಿರು ಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ಹುಡುಗರು ಮಾಡಿದ ನಕ್ಷತ್ರ ಇಬ್ಬನಿಗೆ ನೆನೆದು ಜೋತುಬಿದ್ದಿರುತ್ತದೆ. ಪೂರ್ವದೇಶದಿಂದ ಬಂದ ಆ ಪಂಡಿತರ ಕಥೆಯನ್ನು ಸಂತ ಮತ್ತಾಯರು ಮಾತ್ರ ಬರೆದಿದ್ದಾರೆ. ಅವರು ಎಷ್ಟು ಮಂದಿ ಎಂದೂ ಹೇಳಿಲ್ಲ, ರಾಯರು ಎಂದೂ ಹೇಳಿಲ್ಲ. ಕಾಣಿಕೆ ಮೂರಿದ್ದುದರಿಂದ ನಾವು ಮೂವರೆಂದು ಎಣಿಸಿಕೊಂಡೆವು. ಆದರೆ ಆಕಾಶವನ್ನು ನೋಡಿ ಲೆಕ್ಕಹಾಕುವುದು ಅವರ ಕಸುಬು ಎಂಬುದರಲ್ಲಿ ಅನುಮಾನವಿಲ್ಲ. ಅದಕ್ಕೇ ಈ ಹಬ್ಬದಲ್ಲಿ ಆಕಾಶದ ಮಾತು ಎತ್ತಿದರೆ ತಪ್ಪಾಗಲಾರದು.

2020ರ ಡಿಸೆಂಬರ್ 21ರ ಸಂಜೆ ನೈಋತ್ಯದ ಆಕಾಶದಲ್ಲಿ ಗುರು ಮತ್ತು ಶನಿ ಗ್ರಹಗಳು ಒಂದಕ್ಕೊಂದು ಅಂಟಿದಂತೆ ಕಂಡದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಕೊರೊನಾ ಕಾಲ, ಕ್ರಿಸ್ಮಸ್‌ಗೆ ಇನ್ನು ನಾಲ್ಕೇ ದಿನ. ಪತ್ರಿಕೆಗಳು ಅದನ್ನು ಕ್ರಿಸ್ಮಸ್ ನಕ್ಷತ್ರವೆಂದೇ ಕರೆದವು. ಈ ಎರಡು ಗ್ರಹಗಳು ಸುಮಾರು 20 ವರ್ಷಕ್ಕೊಮ್ಮೆ ಜೊತೆಗೂಡುತ್ತವೆ. ಅಷ್ಟೊಂದು ಹತ್ತಿರ ಬಂದದ್ದು ಮಾತ್ರ 1623ರ ನಂತರ ಅದೇ ಮೊದಲು. ಇದೇ ಜೋಡಿಯನ್ನು 1603ರ ಡಿಸೆಂಬರಿನಲ್ಲಿ ಪ್ರಾಗ್ ನಗರದಿಂದ ಒಬ್ಬರು ಗಮನವಿಟ್ಟು ನೋಡಿದ್ದರು. ಹಿಂದಕ್ಕೆ ಲೆಕ್ಕ ಹಾಕುತ್ತಾ ಹೋಗಿ, ಕ್ರಿಸ್ತಪೂರ್ವ 7ರಲ್ಲಿ ಗುರು ಮತ್ತು ಶನಿ ಒಂದೇ ವರ್ಷದಲ್ಲಿ ಮೂರು ಬಾರಿ ಸಂಧಿಸಿದ್ದವೆಂದು ಅವರು ಕಂಡುಕೊಂಡರು. ಅವರೇ ಯೊಹಾನೆಸ್ ಕೆಪ್ಲರ್. ಪಂಡಿತರು ಕಂಡ ನಕ್ಷತ್ರಕ್ಕೂ ಅದಕ್ಕೂ ನಂಟಿದೆಯೇ ಎಂಬುದನ್ನು ಧರ್ಮಸಭೆ ತೀರ್ಮಾನಿಸಿಲ್ಲ. ತೀರ್ಮಾನಿಸುವ ಅಗತ್ಯವೂ ಇಲ್ಲ. ನಾನು ಹೇಳಹೊರಟಿರುವುದು ಕೆಪ್ಲರ್ ಕಂಡುಕೊಂಡ ಇನ್ನೂ ದೊಡ್ಡ ಸಂಗತಿಯನ್ನು, ಅಂದರೆ ಗ್ರಹಗಳು ಸೂರ್ಯನ ಸುತ್ತ ಹೇಗೆ ನಡೆಯುತ್ತವೆ, ಎಷ್ಟು ದೂರ ನಡೆಯುತ್ತವೆ ಎಂಬುದನ್ನು.

ಒಂದೇ ವರ್ಷದಲ್ಲಿ ಮೂರು ಬಾರಿ ಸಂಧಿಸುವುದು ಹೇಗೆ ಎಂದು ಕೇಳುತ್ತೀರಿ. ಬಳ್ಳಾರಿ ರಸ್ತೆಯಲ್ಲಿ ದೇವನಹಳ್ಳಿಯ ಕಡೆಗೆ ನಮ್ಮ ಬಸ್ಸು ವೇಗವಾಗಿ ಹೋಗುತ್ತಿದೆ, ಪಕ್ಕದಲ್ಲಿ ಲಾರಿಯೊಂದು ನಿಧಾನವಾಗಿ ಅದೇ ಕಡೆಗೆ ಹೋಗುತ್ತಿದೆ ಎನ್ನಿ. ನಾವು ಅದನ್ನು ಹಿಂದಿಕ್ಕುವಾಗ ಕಿಟಕಿಯಿಂದ ನೋಡಿದರೆ ಲಾರಿ ಹಿಂದಕ್ಕೆ ಹೋದಂತೆ ಕಾಣುತ್ತದೆ. ಭೂಮಿಯು ಗುರುವನ್ನೋ ಶನಿಯನ್ನೋ ಹಿಂದಿಕ್ಕುವಾಗ ಆಗುವುದೂ ಇದೇ. ಪಂಚಾಂಗದಲ್ಲಿ ‘ವಕ್ರ’ ಎಂದು ಬರೆಯುವುದು ಈ ತೋರಿಕೆಯ ಹಿಂಚಲನೆಯನ್ನೇ. ಗ್ರಹ ಹಿಂದಕ್ಕೆ ಬರುವುದೂ ಇಲ್ಲ, ಯಾರ ಮೇಲೂ ಮುನಿಸಿಕೊಳ್ಳುವುದೂ ಇಲ್ಲ.

ಇದನ್ನು ಮೊದಲು ವಿಸ್ತಾರವಾಗಿ ಲೆಕ್ಕಹಾಕಿ ತೋರಿಸಿದವರು ಪೋಲೆಂಡಿನ ಕೊಪರ್ನಿಕಸ್. ಅವರು ಒಂದು ಪ್ರಧಾನಾಲಯದ ಕ್ಯಾನನ್ ಆಗಿದ್ದವರು. 1543ರಲ್ಲಿ ಅಚ್ಚಾದ ತಮ್ಮ ಗ್ರಂಥವನ್ನು ಜಗದ್ಗುರು ಮೂರನೇ ಪೌಲರಿಗೆ ಅರ್ಪಿಸಿದ್ದರು. ಮುಂದೆ 1616ರಲ್ಲಿ ಅದೇ ಗ್ರಂಥಕ್ಕೆ ತಡೆ ಬಿತ್ತು. 1633ರಲ್ಲಿ ಗೆಲಿಲಿಯೊ ತಲೆಬಾಗಬೇಕಾಯಿತು. ಅದು ನಮ್ಮ ಧರ್ಮಸಭೆಯ ಇತಿಹಾಸದಲ್ಲಿ ಸಂತೋಷದಿಂದ ಓದುವ ಪುಟವಲ್ಲ. ಗೆಲಿಲಿಯೊ ಅವರ ನ್ಯಾಯಾಧೀಶರು ತಪ್ಪು ಮಾಡಿದರೆಂದು 1992ರ ಅಕ್ಟೋಬರ್ 31ರಂದು ಸಂತ ಎರಡನೇ ಜಾನ್ ಪೌಲರು ಬಹಿರಂಗವಾಗಿ ಹೇಳಿದರು. ತಡವಾಯಿತು, ನಿಜ. ಆದರೆ ಈ ಒಂದು ಪುಟವನ್ನೇ ಓದಿ ಪುಸ್ತಕ ಮುಚ್ಚುವವರಿಗೆ ಉಳಿದ ಪುಟಗಳು ತಿಳಿಯುವುದಿಲ್ಲ.

ಕೆಪ್ಲರ್ ಲುಥೇರನ್ ಪಂಥದವರು. ಸಭಾಪಾಲಕರಾಗಬೇಕೆಂದು ದೈವಶಾಸ್ತ್ರ ಓದಲು ಹೋಗಿ ಗಣಿತದ ಮೇಷ್ಟರಾದವರು. ಕಥೋಲಿಕರಾಗಲು ಒಪ್ಪದ ಕಾರಣಕ್ಕೆ 1600ರಲ್ಲಿ ಗ್ರಾಜ್ ಪಟ್ಟಣ ಬಿಡಬೇಕಾಯಿತು. ಮುಂದೆ ಲಿಂಜ್‌ನಲ್ಲಿ ಅವರ ಪಂಥದವರೇ ಪ್ರಭುಭೋಜನ ಕೊಡಲಿಲ್ಲ. ಹೀಗೆ ಎರಡೂ ಕಡೆಯಿಂದ ಪೆಟ್ಟು ತಿಂದ ಮನುಷ್ಯ ಟೈಕೊ ಬ್ರಾಹೆಯವರು ಬರೆದಿಟ್ಟಿದ್ದ ಮಂಗಳ ಗ್ರಹದ ಅಳತೆಗಳನ್ನು ಹಿಡಿದು ವರ್ಷಗಟ್ಟಲೆ ಕುಳಿತರು. ಗ್ರಹ ವೃತ್ತದಲ್ಲಿ ಚಲಿಸುತ್ತದೆಂದು ಇಟ್ಟುಕೊಂಡು ಲೆಕ್ಕ ಮಾಡಿದರೆ, ಬಂದ ಉತ್ತರಕ್ಕೂ ಟೈಕೊ ನೋಡಿದ್ದಕ್ಕೂ ಎಂಟು ಕಲೆಯಷ್ಟು ವ್ಯತ್ಯಾಸ ಉಳಿಯಿತು. ಎಂಟು ಕಲೆ ಎಂದರೆ ಹುಣ್ಣಿಮೆ ಚಂದ್ರನ ಅಗಲದ ಸುಮಾರು ಕಾಲುಭಾಗ. ಬೇರೆಯವರಾಗಿದ್ದರೆ ‘ಇಷ್ಟು ಆಚೀಚೆ ಇದ್ದದ್ದೇ’ ಎಂದು ಕೈತೊಳೆದುಕೊಳ್ಳುತ್ತಿದ್ದರು. ಕೆಪ್ಲರ್ ಬಿಡಲಿಲ್ಲ. ಎರಡು ಸಾವಿರ ವರ್ಷದಿಂದ ಎಲ್ಲರೂ ನಂಬಿದ್ದ ವೃತ್ತವನ್ನೇ ಬಿಟ್ಟರು. 1609ರಲ್ಲಿ ಅವರು ಪ್ರಕಟಿಸಿದ ಉತ್ತರ ಇದು: ಗ್ರಹದ ಹಾದಿ ದೀರ್ಘವೃತ್ತ, ಸೂರ್ಯ ಅದರ ನಡುವಿನಲ್ಲಿಲ್ಲ, ಸ್ವಲ್ಪ ಪಕ್ಕಕ್ಕಿದ್ದಾನೆ, ಸೂರ್ಯನ ಹತ್ತಿರ ಬಂದಾಗ ಗ್ರಹ ಬಿರುಸಾಗಿ ನಡೆಯುತ್ತದೆ, ದೂರ ಹೋದಾಗ ನಿಧಾನವಾಗುತ್ತದೆ.

ಇಲ್ಲೊಂದು ಸೊಗಸಿದೆ. ನಮ್ಮ ಭೂಮಿ ಸೂರ್ಯನಿಗೆ ಅತ್ಯಂತ ಸಮೀಪ ಬರುವುದು ಈ ಹಬ್ಬದ ಆಸುಪಾಸಿನಲ್ಲೇ, ಜನವರಿ 2ರಿಂದ 5ರೊಳಗೆ. ಆಗ ದೂರ ಸುಮಾರು 14 ಕೋಟಿ 71 ಲಕ್ಷ ಕಿ.ಮೀ. ಜುಲೈ ಮೊದಲ ವಾರದಲ್ಲಿ ಅದು 15 ಕೋಟಿ 21 ಲಕ್ಷ ಕಿ.ಮೀ. ಆಗುತ್ತದೆ. ‘ಹಾಗಾದರೆ ಜನವರಿಯಲ್ಲಿ ಚಳಿ ಯಾಕೆ ಸ್ವಾಮಿ?’ ಎಂದು ಕೇಳಬೇಡಿ. ಚಳಿ ಬಿಸಿಲುಗಳಿಗೆ ಕಾರಣ ಭೂಮಿಯ ಓರೆ, ಈ ದೂರವಲ್ಲ. ದೂರದ ಈ ಏರಿಳಿತದಿಂದ ಬದಲಾಗುವುದು ವೇಗ. ಈಗ ನಾವು ಸೆಕೆಂಡಿಗೆ 30.3 ಕಿ.ಮೀ. ವೇಗದಲ್ಲಿದ್ದೇವೆ, ಜುಲೈನಲ್ಲಿ 29.3ಕ್ಕೆ ಇಳಿಯುತ್ತೇವೆ. ನಮ್ಮ ಹಳ್ಳಿಯ ಪಂಚಾಂಗದಲ್ಲೂ ಇದರ ಗುರುತಿದೆ. ಸೂರ್ಯ ಧನುರಾಶಿಯಲ್ಲಿರುವ ಧನುರ್ಮಾಸ 29 ದಿನ ಚಿಲ್ಲರೆಗೆ ಮುಗಿದುಹೋಗುತ್ತದೆ. ಮಿಥುನ ಮಾಸ 31 ದಿನ ಚಿಲ್ಲರೆ ಹಿಡಿಯುತ್ತದೆ. ರಾಶಿಗಳೆಲ್ಲ ಒಂದೇ ಅಳತೆಯವು, ದಾಟುವ ಹೊತ್ತು ಮಾತ್ರ ಬೇರೆ.

ಇದು ನಿಜವಾದ ವೇಗದ ಬದಲಾವಣೆಯೋ, ಹತ್ತಿರದಿಂದ ನೋಡುವುದರಿಂದ ವೇಗವಾಗಿ ಕಾಣುವುದೋ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಒಂದು ದೇವಾಲಯದೊಳಗೆ. ಪಾಸ್ಖ ಹಬ್ಬದ ದಿನಾಂಕವನ್ನು ಸರಿಯಾಗಿ ಗೊತ್ತುಮಾಡಲು ವರ್ಷದ ಉದ್ದ ನಿಖರವಾಗಿ ತಿಳಿಯಬೇಕಾಗಿತ್ತು. ಅದಕ್ಕಾಗಿ ಇಟಲಿಯ ದೊಡ್ಡ ದೇವಾಲಯಗಳ ಮಾಡಿನಲ್ಲಿ ಸಣ್ಣ ರಂಧ್ರ ಕೊರೆದು, ನಡುಹಗಲಿನ ಬಿಸಿಲಿನ ಬಿಲ್ಲೆ ನೆಲದ ಮೇಲೆ ಎಲ್ಲಿ ಬೀಳುತ್ತದೆಂದು ಗುರುತು ಹಾಕುತ್ತಿದ್ದರು. 1655ರಲ್ಲಿ ಬೊಲೋನ್ಯಾದ ಸಂತ ಪೆತ್ರೋನಿಯರ ಬಸಿಲಿಕದಲ್ಲಿ ಕಸ್ಸೀನಿ ಎಂಬ ಖಗೋಳಜ್ಞರು ಅಂಥದೊಂದು ಗೆರೆಯನ್ನು ಹಾಕಿದರು. ರಂಧ್ರ 27 ಮೀಟರ್ ಎತ್ತರದಲ್ಲಿ, ನೆಲದ ಗೆರೆ ಸುಮಾರು 67 ಮೀಟರ್ ಉದ್ದ. ಸೂರ್ಯ ಜನವರಿಯಲ್ಲಿ ಹತ್ತಿರವಿರುವುದರಿಂದ ಬಿಲ್ಲೆ ತುಸು ದೊಡ್ಡದಾಗಬೇಕು. ಎಷ್ಟು ದೊಡ್ಡದು ಎಂಬುದೇ ಪ್ರಶ್ನೆ. ವೇಗ ಒಂದೇ ಇದ್ದು ಕಾಣುವುದಷ್ಟೇ ಬೇರೆಯಾದರೆ, ಬಿಲ್ಲೆ ಜುಲೈಗಿಂತ ನೂರಕ್ಕೆ ಸುಮಾರು 7ರಷ್ಟು ಹಿಗ್ಗಬೇಕಿತ್ತು. ಕಸ್ಸೀನಿ ಅಳೆದಾಗ ಹಿಗ್ಗಿದ್ದು ಅದರ ಅರ್ಧದಷ್ಟೇ. ಉಳಿದರ್ಧ ನಿಜವಾದ ವೇಗದ ಬದಲಾವಣೆ! ಕೆಪ್ಲರ್ ಹೇಳಿದ್ದು ಸರಿಹೋಯಿತು. ಸುತ್ತುವವರು ಯಾರು, ಭೂಮಿಯೋ ಸೂರ್ಯನೋ ಎಂಬ ಮಾತನ್ನು ಕಸ್ಸೀನಿ ಎತ್ತಲಿಲ್ಲ. ಎತ್ತುವ ಕಾಲವೂ ಅದಾಗಿರಲಿಲ್ಲ. ಗೆಲಿಲಿಯೊ ತೀರ್ಪಾಗಿ ಕೇವಲ 22 ವರ್ಷ ಕಳೆದಿತ್ತು, ಮತ್ತು ಬೊಲೋನ್ಯಾ ಜಗದ್ಗುರುಗಳ ಆಡಳಿತದಲ್ಲೇ ಇತ್ತು. ಆದರೂ ಆ ಅಳತೆ ನಡೆದದ್ದು ಬಲಿಪೂಜೆ ನಡೆಯುವ ನೆಲದ ಮೇಲೆ.

ಇನ್ನು ದೂರದ ಮಾತು. ನಮ್ಮ ನಾಡಿನ ಸಿದ್ಧಾಂತಿಗಳು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಕೇಳಿಕೊಂಡಿದ್ದರು. ಗ್ರಹಗಳೆಲ್ಲ ದಿನಕ್ಕೆ ಒಂದೇ ಅಳತೆಯ ದಾರಿ ನಡೆಯುತ್ತವೆ ಎಂಬುದು ಅವರ ಊಹೆ. ಭಾಸ್ಕರಾಚಾರ್ಯರ ಲೆಕ್ಕದಲ್ಲಿ ಅದು ದಿನಕ್ಕೆ ಸುಮಾರು 11,858 ಯೋಜನ. ಎಲ್ಲರ ಹೆಜ್ಜೆಯೂ ಒಂದೇ ಆದರೆ, ಸುತ್ತು ಮುಗಿಸಲು ಹೆಚ್ಚು ಕಾಲ ಹಿಡಿಯುವ ಗ್ರಹದ ದಾರಿ ಅಷ್ಟೇ ಪಟ್ಟು ಉದ್ದ ಎಂದಾಗುತ್ತದೆ. ಶನಿ ಇಪ್ಪತ್ತೊಂಬತ್ತೂವರೆ ವರ್ಷ ಹಿಡಿಯುತ್ತಾನೆ, ಆದ್ದರಿಂದ ಸೂರ್ಯನಿಗಿಂತ ಇಪ್ಪತ್ತೊಂಬತ್ತೂವರೆ ಪಟ್ಟು ದೂರ. ಅಚ್ಚುಕಟ್ಟಾದ ಊಹೆ, ಅದರಲ್ಲಿ ಒಂದು ಬಗೆಯ ಸಮಾನತೆಯೂ ಇದೆ. ಆದರೆ 1618ರಲ್ಲಿ ಕೆಪ್ಲರ್ ಕಂಡುಕೊಂಡದ್ದು ಬೇರೆ. ಸುತ್ತುವ ಕಾಲದ ವರ್ಗವು ದೂರದ ಘನಕ್ಕೆ ಅನುಗುಣವಾಗಿರುತ್ತದೆ. ಶನಿಯ ದೂರವನ್ನೇ ನೋಡಿ: ಒಂಬತ್ತೂವರೆಯನ್ನು ಮೂರು ಬಾರಿ ಗುಣಿಸಿದರೆ ಸುಮಾರು 860, ಇಪ್ಪತ್ತೊಂಬತ್ತೂವರೆಯನ್ನು ಎರಡು ಬಾರಿ ಗುಣಿಸಿದರೂ ಹತ್ತಿರಹತ್ತಿರ ಅಷ್ಟೇ. ಅಂದರೆ ಶನಿ ಭೂಮಿಗಿಂತ ಒಂಬತ್ತೂವರೆ ಪಟ್ಟು ದೂರದಲ್ಲಿದ್ದಾನೆ, ಅವನ ನಡಿಗೆ ಭೂಮಿಯ ನಡಿಗೆಯ ಮೂರನೆಯ ಒಂದು ಭಾಗ. ದೂರವಿದ್ದಷ್ಟೂ ಹೆಜ್ಜೆ ನಿಧಾನ.

ಈ ನಿಧಾನದ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ಶನೈಶ್ಚರ ಎಂದರೆ ನಿಧಾನವಾಗಿ ನಡೆಯುವವನು ಎಂದಷ್ಟೇ ಅರ್ಥ. ಹನ್ನೆರಡು ರಾಶಿಗಳನ್ನು ದಾಟಲು ಇಪ್ಪತ್ತೊಂಬತ್ತೂವರೆ ವರ್ಷವಾದರೆ ಒಂದು ರಾಶಿಗೆ ಹತ್ತಿರ ಎರಡೂವರೆ ವರ್ಷ. ಜನ್ಮರಾಶಿ, ಅದರ ಹಿಂದಿನದು, ಮುಂದಿನದು, ಮೂರು ಸೇರಿ ಏಳೂವರೆ. ನಮ್ಮೂರುಗಳಲ್ಲಿ ‘ಏಳರಾಟದ ಶನಿ’ ಎಂದು ಹೆದರುವ ಲೆಕ್ಕ ಇಷ್ಟೇ. ಗ್ರಹ ಸೂರ್ಯನಿಂದ 143 ಕೋಟಿ ಕಿ.ಮೀ. ದೂರವಿರುವುದರಿಂದ ಬಂದ ಏಳೂವರೆ ಅದು. ನಮ್ಮ ಧರ್ಮಕೇಂದ್ರಗಳ ಮನೆಗಳಲ್ಲೂ ಇದಕ್ಕೆ ಹೆದರಿ ಅಂಗಡಿ ತೆರೆಯುವುದನ್ನು ಮುಂದೂಡಿದವರಿದ್ದಾರೆ. ಮಂಗಳನ ಹೆಸರಿನಲ್ಲಿ ಕುಜದೋಷವೆಂದು ಹೇಳಿ ಹೆಣ್ಣುಮಕ್ಕಳ ಮದುವೆಯನ್ನೇ ನಿಲ್ಲಿಸಿದವರೂ ಇದ್ದಾರೆ. ಜ್ಞಾನಸ್ನಾನ ಪಡೆದ ಮಕ್ಕಳ ಜಾತಕ ಬರೆಸಿ ಪೆಟ್ಟಿಗೆಯಲ್ಲಿ ಮಡಚಿಟ್ಟಿರುವುದು ಗುರುಗಳಿಗೆ ಗೊತ್ತಾಗುವುದಿಲ್ಲ ಎಂದುಕೊಳ್ಳಬೇಡಿ. ಕಥೋಲಿಕ ಧರ್ಮೋಪದೇಶ ಗ್ರಂಥದ 2116ನೆಯ ಪರಿಚ್ಛೇದ ಇದನ್ನು ಸ್ಪಷ್ಟವಾಗಿಯೇ ಬೇಡವೆನ್ನುತ್ತದೆ. 1962ರ ಫೆಬ್ರವರಿ ಮೊದಲ ವಾರದಲ್ಲಿ ಅಷ್ಟಗ್ರಹ ಕೂಟವಾಯಿತು, ಲೋಕವೇ ಮುಳುಗುತ್ತದೆಂದು ದೇಶದ ಉದ್ದಗಲಕ್ಕೂ ಜನ ನಡುಗಿದರು, ಹೋಮಗಳು ನಡೆದವು. ಹಿರಿಯರನ್ನು ಕೇಳಿ, ಹೇಳುತ್ತಾರೆ. ಗ್ರಹಗಳು ಒಂದೆಡೆ ಸೇರಿದ್ದು ನಮ್ಮ ಕಣ್ಣಿನ ನೇರಕ್ಕೆ ಮಾತ್ರ. ಆ ದಿನವೂ ಶನಿ ನಮ್ಮಿಂದ 150 ಕೋಟಿ ಕಿ.ಮೀ.ಗೂ ಆಚೆಯೇ ಇದ್ದ.

ಕೆಪ್ಲರ್ ನಿಯಮದಲ್ಲಿ ಒಂದು ಕೊರತೆಯಿತ್ತು. ಯಾವ ಗ್ರಹ ಯಾವುದಕ್ಕಿಂತ ಎಷ್ಟು ಪಟ್ಟು ದೂರ ಎಂಬುದು ತಿಳಿಯಿತು. ಆದರೆ ಆ ಒಂದು ಪಟ್ಟು ಎಂದರೆ ಎಷ್ಟು ಗಾವುದ? ಸರ್ವೆ ನಕ್ಷೆಯಲ್ಲಿ ಊರುಗಳೆಲ್ಲ ಸರಿಯಾದ ಜಾಗದಲ್ಲಿದ್ದು, ಒಂದಂಗುಲಕ್ಕೆ ಎಷ್ಟು ಮೈಲಿ ಎಂಬ ಸಾಲು ಮಾತ್ರ ಹರಿದುಹೋದಂತೆ. ಯಾವುದಾದರೂ ಒಂದು ದೂರ ಸಿಕ್ಕರೆ ಸಾಕು, ಉಳಿದೆಲ್ಲವೂ ತಾವಾಗಿ ಬರುತ್ತವೆ. 1716ರಲ್ಲಿ ಹ್ಯಾಲಿ ಎಂಬ ಇಂಗ್ಲಿಷ್ ಪಂಡಿತರು ದಾರಿ ತೋರಿದರು. ನಮ್ಮ ರೈತರು ಬೆಳಗಿನ ಜಾವ ನೋಡಿ ಏಳುವ ‘ಬೆಳ್ಳಿ’, ಅಂದರೆ ಶುಕ್ರ, ಬಹು ಅಪರೂಪಕ್ಕೆ ಸೂರ್ಯನ ಮುಖದ ಮೇಲೆ ಕಪ್ಪು ಚುಕ್ಕೆಯಾಗಿ ಹಾದುಹೋಗುತ್ತದೆ. ಹೆಬ್ಬೆರಳನ್ನು ಕಣ್ಣ ಮುಂದೆ ಹಿಡಿದು ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿ. ಬೆರಳು ಜಾಗ ಬದಲಿಸಿದಂತೆ ಕಾಣುತ್ತದೆ. ಹಾಗೆಯೇ ಭೂಮಿಯ ಎರಡು ದೂರದ ಊರುಗಳಿಂದ ನೋಡಿದರೆ ಆ ಚುಕ್ಕೆ ಸೂರ್ಯನ ಮೇಲೆ ಬೇರೆ ಬೇರೆ ಗೆರೆಯಲ್ಲಿ ಸಾಗುತ್ತದೆ, ದಾಟಲು ಹಿಡಿಯುವ ಹೊತ್ತೂ ಕೆಲವು ನಿಮಿಷ ಬೇರೆಯಾಗುತ್ತದೆ. ಗಡಿಯಾರ ಹಿಡಿದು ಆ ಹೊತ್ತನ್ನು ಅಳೆದರೆ ಸೂರ್ಯನ ದೂರ ಸಿಗುತ್ತದೆ. ಇಂಥ ಸಂಕ್ರಮಣ 1761ರಲ್ಲೊಮ್ಮೆ, 1769ರಲ್ಲೊಮ್ಮೆ ಬಂತು.

ಆಗ ಹೊರಟವರ ಕಷ್ಟ ಕೇಳಿದರೆ ಕರುಳು ಚುರುಗುಟ್ಟುತ್ತದೆ. ಫ್ರಾನ್ಸಿನ ಲೆ ಜಾಂತಿ ಮೊದಲು ಗುರುವಾಗಬೇಕೆಂದು ದೈವಶಾಸ್ತ್ರ ಓದಿದ್ದವರು, ಆಮೇಲೆ ಆಕಾಶದ ಕಡೆ ತಿರುಗಿದವರು. 1760ರಲ್ಲಿ ಪಾಂಡಿಚೇರಿಗೆಂದು ಹಡಗು ಹತ್ತಿದರು. ತಲುಪುವ ಮುನ್ನವೇ ಪಾಂಡಿಚೇರಿ ಇಂಗ್ಲಿಷರ ವಶವಾಯಿತು. 1761ರ ಜೂನ್ 6ರಂದು ಅವರು ನಡುಕಡಲಿನಲ್ಲಿ ಓಲಾಡುವ ಹಡಗಿನ ಮೇಲಿದ್ದರು, ನೋಡಿದರೂ ಅಳೆಯುವಂತಿರಲಿಲ್ಲ. ಊರಿಗೆ ಹಿಂದಿರುಗದೆ ಎಂಟು ವರ್ಷ ಈ ಕಡೆಯ ಸಮುದ್ರಗಳಲ್ಲೇ ಕಾದರು. 1768ರಲ್ಲಿ ಪಾಂಡಿಚೇರಿಗೆ ಬಂದು, ಹಾಳುಬಿದ್ದ ಕೋಟೆಯ ಮೇಲೆ ವೀಕ್ಷಣಾಲಯ ಕಟ್ಟಿದರು. 1769ರ ಜೂನ್ 4ರ ಬೆಳಗ್ಗೆ ಸೂರ್ಯ ಹುಟ್ಟುವ ಹೊತ್ತಿಗೆ ಮೋಡ ಕವಿಯಿತು. ಸಂಕ್ರಮಣ ಮುಗಿದ ಮೇಲೆ ಬಿಸಿಲು ಬಂತು. 1771ರಲ್ಲಿ ಮನೆ ಸೇರಿದಾಗ, ಅವರು ಸತ್ತರೆಂದು ನೆಂಟರು ಆಸ್ತಿ ಹಂಚಿಕೊಳ್ಳಲು ಕುಳಿತಿದ್ದರು.

ಬರಿಗೈಲಿ ಹೋದರು ಎನ್ನುವಂತಿಲ್ಲ. ಪಾಂಡಿಚೇರಿಯಲ್ಲಿ ಒಬ್ಬ ತಮಿಳು ಪಂಚಾಂಗದವರ ಬಳಿ ಅವರು ಗ್ರಹಣದ ಲೆಕ್ಕ ಕಲಿತರು. 1765ರ ಆಗಸ್ಟ್ 30ರ ಚಂದ್ರಗ್ರಹಣ ಎಷ್ಟು ಹೊತ್ತು ಇತ್ತೆಂಬ ಲೆಕ್ಕದಲ್ಲಿ ತಮಿಳರ ರೀತಿ 41 ಸೆಕೆಂಡು ತಪ್ಪಿತು. ಆಗ ಯೂರೋಪಿನಲ್ಲಿ ಹೆಸರಾಗಿದ್ದ ಮಾಯರ್ ಕೋಷ್ಟಕ 68 ಸೆಕೆಂಡು ತಪ್ಪಿತ್ತು. ಇದನ್ನು ಮುಚ್ಚಿಡದೆ ಬರೆದರು. ಅವರಿಗೂ ಮೊದಲೇ, 1750ರ ಸುಮಾರಿಗೆ, ಫ್ರೆಂಚ್ ಯೇಸುಸಭೆಯ ಕರ್ನಾಟಿಕ್ ಮಿಷನ್ನಿನ ದ್ಯು ಶಾಂ ಸ್ವಾಮಿಗಳು ಕೃಷ್ಣಾಪುರಂ ಎಂಬಲ್ಲಿನ ಬ್ರಾಹ್ಮಣ ಪಂಡಿತರಿಂದ ಗ್ರಹಗಣಿತದ ಕೋಷ್ಟಕಗಳನ್ನು ಪಡೆದು ಪ್ಯಾರಿಸ್ಸಿಗೆ ಕಳುಹಿಸಿದ್ದರು. ಆ ಕೋಷ್ಟಕಗಳ ಎಣಿಕೆ ಶುರುವಾಗುವುದು 1491ರ ಮಾರ್ಚ್ 10ರಿಂದ. ಆ ಮಿಷನ್ನಿನ ಗುರುಗಳು ನಮ್ಮ ಚಿಕ್ಕಬಳ್ಳಾಪುರದ ಸೀಮೆಯಲ್ಲೂ ಓಡಾಡಿದವರು. ಒಬ್ಬರು ಜನಿವಾರದವರು, ಇನ್ನೊಬ್ಬರು ಜಪಮಾಲೆಯವರು. ಲೆಕ್ಕದ ವಿಷಯದಲ್ಲಿ ಒಬ್ಬರಿಂದೊಬ್ಬರು ಕಲಿಯಲು ಅಡ್ಡಿಯಾಗಲಿಲ್ಲ. ಕನ್ನಡದಲ್ಲೂ ಆ ವಿದ್ಯೆ ಇತ್ತು. ಶೃಂಗೇರಿಯ ಶಂಕರನಾರಾಯಣ ಜೋಯಿಸರು 1604ರಲ್ಲಿ ಬರೆದ ‘ಗಣಿತಗನ್ನಡಿ’ಯನ್ನು ಬೆಂಗಳೂರಿನ ಬಿ. ಎಸ್. ಶೈಲಜ ಮತ್ತು ಸೀತಾರಾಮ ಜವಗಲ್ ಅವರು ಓಲೆಗರಿಯಿಂದ ಎತ್ತಿ ನಮ್ಮ ಕೈಗೆ ಕೊಟ್ಟಿದ್ದಾರೆ. ಕೆಪ್ಲರ್ ಪ್ರಾಗ್‌ನಲ್ಲಿ ಮಂಗಳನ ಜೊತೆ ಗುದ್ದಾಡುತ್ತಿದ್ದ ವರ್ಷವೇ ಅದು.

1769ರಲ್ಲಿ ಬೇರೆಯವರಿಗೆ ಮೋಡ ಅಡ್ಡಬರಲಿಲ್ಲ. ಕ್ಯಾಪ್ಟನ್ ಕುಕ್ ತಾಹಿತಿ ದ್ವೀಪದಿಂದ ನೋಡಿದರು. ಶಾಪ್ ಎಂಬ ಫ್ರೆಂಚ್ ಗುರುಗಳು ಕ್ಯಾಲಿಫೋರ್ನಿಯಾದ ತುದಿಯಲ್ಲಿ ಅಳತೆ ಮುಗಿಸಿ, ಅಲ್ಲಿನ ಸಾಂಕ್ರಾಮಿಕ ಜ್ವರಕ್ಕೆ ಸಿಕ್ಕಿ ಆಗಸ್ಟ್ 1ರಂದು ತೀರಿಕೊಂಡರು. ನಾರ್ವೆಯ ಉತ್ತರ ತುದಿಯ ವಾರ್ಡೊ ದ್ವೀಪಕ್ಕೆ ಲುಥೇರನ್ ರಾಜನೇ ಆಹ್ವಾನಿಸಿ ಕರೆಸಿದ್ದು ಯೇಸುಸಭೆಯ ಮ್ಯಾಕ್ಸಿಮಿಲಿಯನ್ ಹೆಲ್ ಸ್ವಾಮಿಗಳನ್ನು. ಅವರು ಫಲಿತಾಂಶವನ್ನು ಪ್ರಕಟಿಸಲು ತಡಮಾಡಿದರೆಂದು ಸಂಶಯ ಹುಟ್ಟಿತು. ಅವರು ಸತ್ತು ಎಷ್ಟೋ ವರ್ಷದ ನಂತರ, 1835ರಲ್ಲಿ, ವಿಯೆನ್ನಾದ ಲಿಟ್ರೋ ಎಂಬವರು ಆ ದಿನಚರಿಯ ಅಂಕಿಗಳನ್ನು ಬೇರೆ ಶಾಯಿಯಲ್ಲಿ ತಿದ್ದಲಾಗಿದೆ ಎಂದು ದೂರಿದರು. ಸುಮಾರು 50 ವರ್ಷ ಆ ಕಳಂಕ ಉಳಿಯಿತು. 1883ರಲ್ಲಿ ಅಮೆರಿಕದ ನ್ಯೂಕಂಬ್ ಅದೇ ಹಾಳೆಗಳನ್ನು ಕೈಗೆತ್ತಿಕೊಂಡು ನೋಡಿದರು. ತಿದ್ದುಪಡಿಗಳು ಆ ಹೊತ್ತಿನವೇ ಆಗಿದ್ದವು. ದೂರಿದ ಲಿಟ್ರೋ ಅವರಿಗೆ ಬಣ್ಣಗಳನ್ನು ಗುರುತಿಸಲು ಆಗುತ್ತಿರಲಿಲ್ಲವೆಂದು ತಿಳಿಯಿತು! ಹೆಲ್ ಸ್ವಾಮಿಗಳ ಅಳತೆ ಪ್ರಾಮಾಣಿಕವಾದದ್ದೆಂದು ಕಥೋಲಿಕರಲ್ಲದ ನ್ಯೂಕಂಬ್ ಬರೆದರು. ಈ ಎಲ್ಲ ಅಳತೆಗಳನ್ನು ಸೇರಿಸಿ 1771ರಲ್ಲಿ ಲಲಾಂದ್ ಕಂಡುಕೊಂಡ ಸೂರ್ಯನ ದೂರ ಸುಮಾರು 15 ಕೋಟಿ 30 ಲಕ್ಷ ಕಿ.ಮೀ. ಈಗ ನಮಗೆ ತಿಳಿದಿರುವುದು 14 ಕೋಟಿ 96 ಲಕ್ಷ. ಗಡಿಯಾರ ಮತ್ತು ಗಾಜಿನ ನಳಿಕೆ ಬಿಟ್ಟರೆ ಬೇರೇನೂ ಇಲ್ಲದ ಕಾಲದಲ್ಲಿ ಅಷ್ಟು ಹತ್ತಿರ ಬಂದದ್ದು ಅದ್ಭುತವೇ.

ಮುಂದಿನ ಸಂಕ್ರಮಣ 1874ರ ಡಿಸೆಂಬರ್ 9ರಂದು. ಅಂದು ಬಂಗಾಳದಲ್ಲಿ ಇಟಲಿಯ ತಂಡದ ಜೊತೆ ಕಲ್ಕತ್ತೆಯ ಸಂತ ಕ್ಸೇವಿಯರ್ ಕಾಲೇಜಿನ ಲಾಫೋಂ ಸ್ವಾಮಿಗಳಿದ್ದರು. ನಮಗೆ ಹೆಚ್ಚು ಮುಖ್ಯವಾದ ಹೆಸರು ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ಅವರದು. ಕಾಲೇಜು ಮೆಟ್ಟಿಲು ಹತ್ತದೆ, ಕೆಲಸ ಮಾಡುತ್ತಲೇ ಕಲಿತು ಮೇಲೆ ಬಂದವರು. 1867ರಲ್ಲಿ ಬೆಳಕು ಏರಿಳಿಯುವ ಹೊಸ ನಕ್ಷತ್ರವೊಂದನ್ನು ಗುರುತಿಸಿದವರು. ಸಂಕ್ರಮಣ ಬರುತ್ತಿದೆಯೆಂದು ಜನಕ್ಕೆ ತಿಳಿಸಲು ಅವರು ಬರೆದ ಪುಸ್ತಿಕೆ ಇಂಗ್ಲಿಷಿನ ಜೊತೆಗೆ ನಮ್ಮ ಭಾಷೆಗಳಲ್ಲೂ ಬಂತು. ಕನ್ನಡದ್ದಕ್ಕೆ ‘ಶುಕ್ರಗ್ರಸ್ತ ಸೂರ್ಯಗ್ರಹಣ’ ಎಂದು ಹೆಸರು. ಹಳೆಯ ಪದಗಳಲ್ಲೇ ಹೊಸ ಸಂಗತಿಯನ್ನು ಹೇಳಿದ ಜಾಣ್ಮೆ ನೋಡಿ: ಸೂರ್ಯನನ್ನು ‘ನುಂಗಿದ’ದ್ದು ರಾಹುವಲ್ಲ, ಕೇತುವಲ್ಲ, ಬರಿಯ ಬೆಳ್ಳಿ. ಪಂಚಾಂಗದ ಲೆಕ್ಕವನ್ನು ಆಕಾಶ ನೋಡಿ ತಿದ್ದಿಕೊಳ್ಳಬೇಕೆಂಬುದು ಅವರ ಹಟ. ಅಂಥ ದೃಗ್ಗಣಿತ ಪಂಚಾಂಗವನ್ನೂ ಪ್ರಕಟಿಸಿದರು. 1880ರಲ್ಲಿ ತೀರಿಕೊಂಡರು.

2004ರ ಜೂನ್ 8ರಂದು ಅದೇ ಕಪ್ಪು ಚುಕ್ಕೆ ಮತ್ತೆ ಬಂದಾಗ ನಾನು ಗುರುಮಠದ ವಿದ್ಯಾರ್ಥಿ. ದುರ್ಬೀನಿನ ಹಿಂದೆ ಬಿಳಿ ಕಾಗದ ಹಿಡಿದು ಅದರ ಮೇಲೆ ಸೂರ್ಯನನ್ನು ಬೀಳಿಸಿ ನೋಡಿದೆವು. ಸಾಸಿವೆಗಿಂತ ತುಸು ದೊಡ್ಡ ಚುಕ್ಕೆ. ಇದಕ್ಕಾಗಿ ಮನುಷ್ಯರು ಸತ್ತರೇ ಎನ್ನಿಸಿತು. 2012ರ ಜೂನ್ 6ರಂದು ಇನ್ನೊಮ್ಮೆ ಬಂತು. ಇನ್ನು ಬರುವುದು 2117ರ ಡಿಸೆಂಬರಿನಲ್ಲಿ. ಈಗ ಸೂರ್ಯನ ದೂರಕ್ಕೆ ಬೆಳ್ಳಿಯನ್ನು ಕಾಯಬೇಕಾಗಿಲ್ಲ. 1961ರಿಂದ ರೇಡಾರ್ ಅಲೆಗಳನ್ನು ಶುಕ್ರನ ಮೇಲೆ ಹಾಯಿಸಿ ಅಳೆಯುತ್ತಿದ್ದಾರೆ.

ಅಳತೆಗೋಲು ಸಿಕ್ಕಿದ ಮೇಲೆ ಲೆಕ್ಕ ಸುಲಭ. ಭೂಮಿ ವರ್ಷಕ್ಕೆ ನಡೆಯುವ ದಾರಿ 94 ಕೋಟಿ ಕಿ.ಮೀ. ದಿನಕ್ಕೆ ಸುಮಾರು 25 ಲಕ್ಷ 70 ಸಾವಿರ. ನೆಲಮಂಗಲದಿಂದ ಹೊಸಕೋಟೆಗೆ ಇರುವಷ್ಟು ದೂರ ಅದಕ್ಕೆ ಎರಡು ಸೆಕೆಂಡಿನ ಮಾತು. ಒಂದು ಗಂಟೆಯ ಬಲಿಪೂಜೆ ಮುಗಿಸಿ ನೀವು ಎದ್ದು ಹೊರಡುವಷ್ಟರಲ್ಲಿ, ಬೆಂಚು ಬಿಟ್ಟು ಕದಲದೆಯೇ, 1 ಲಕ್ಷ 7 ಸಾವಿರ ಕಿ.ಮೀ. ಬಂದಿರುತ್ತೀರಿ. ದೇವನಹಳ್ಳಿಯಿಂದ ಏರುವ ವಿಮಾನ ಗಂಟೆಗೆ 900 ಕಿ.ಮೀ.ನಂತೆ ಎಲ್ಲೂ ನಿಲ್ಲದೆ ಹಾರಿದರೆ ಈ ಒಂದು ಸುತ್ತಿಗೆ 119 ವರ್ಷ ಬೇಕು. ಅರವತ್ತು ತುಂಬಿದ ನಮ್ಮ ಅಮ್ಮಂದಿರು 5,600 ಕೋಟಿ ಕಿ.ಮೀ. ತೀರ್ಥಯಾತ್ರೆ ಮುಗಿಸಿದವರು! ಬುಧ 88 ದಿನಕ್ಕೆ 36 ಕೋಟಿ ಕಿ.ಮೀ. ಸುತ್ತು ಮುಗಿಸುತ್ತಾನೆ. ಮಂಗಳ 687 ದಿನಕ್ಕೆ 143 ಕೋಟಿ. ಶನಿಯದು ಸುಮಾರು 900 ಕೋಟಿ. 1846ರಲ್ಲಿ ಕಂಡುಹಿಡಿದ ನೆಪ್ಚೂನ್ 2,800 ಕೋಟಿಗೂ ಮೀರಿದ ತನ್ನ ಮೊದಲ ಸುತ್ತನ್ನು ನಮ್ಮ ಲೆಕ್ಕಕ್ಕೆ 2011ರಲ್ಲಷ್ಟೇ ಮುಗಿಸಿತು.

ಇಷ್ಟು ವೇಗದಲ್ಲಿ ಓಡುವ ಭೂಮಿ ಹಾದಿ ತಪ್ಪಿ ಹೋಗದಂತೆ ಹಿಡಿದಿರುವುದು ಸೂರ್ಯನ ಸೆಳೆತ. ಅದನ್ನು ನ್ಯೂಟನ್ 1687ರಲ್ಲಿ ವಿವರಿಸಿದರು. ಪ್ರತಿ ಸೆಕೆಂಡಿಗೆ 30 ಕಿ.ಮೀ. ಮುಂದೆ ಹೋಗುವ ಭೂಮಿ ಆ ಸೆಕೆಂಡಿನಲ್ಲಿ ಸೂರ್ಯನ ಕಡೆಗೆ ಬಾಗುವುದು ಕೇವಲ 3 ಮಿಲಿಮೀಟರ್, ಒಂದು ಕೊತ್ತಂಬರಿ ಕಾಳಿನಷ್ಟು. ಆ ಮೂರು ಮಿಲಿಮೀಟರ್ ಸಾಕು, ವರ್ಷದ ಕೊನೆಗೆ ಸುತ್ತು ಪೂರ್ತಿಯಾಗುತ್ತದೆ.

2013ರ ನವೆಂಬರ್ 5ರಂದು ಹೊರಟ ಮಂಗಳಯಾನವೂ ಈ ಹಾದಿಯ ಲೆಕ್ಕದಲ್ಲೇ ಸಾಗಿತು. ಮಂಗಳ ಇರುವ ಜಾಗಕ್ಕಲ್ಲ, ಹತ್ತು ತಿಂಗಳ ನಂತರ ಬರುವ ಜಾಗಕ್ಕೆ ಗುರಿಯಿಟ್ಟರು. 2014ರ ಸೆಪ್ಟೆಂಬರ್ 24ರಂದು ತಲುಪಿದಾಗ ಅದು ಸುತ್ತುಹಾದಿಯಲ್ಲಿ 60 ಕೋಟಿಗೂ ಹೆಚ್ಚು ಕಿ.ಮೀ. ನಡೆದಿತ್ತು. ನೇರವಾಗಿ ಅಳೆದರೆ ಅಂದು ಮಂಗಳ ನಮ್ಮಿಂದ ಸುಮಾರು 22 ಕೋಟಿ ಕಿ.ಮೀ. ದೂರವಿತ್ತು, ಅಲ್ಲಿಂದ ಸುದ್ದಿ ಬರಲು ಹನ್ನೆರಡೂವರೆ ನಿಮಿಷ ಹಿಡಿಯುತ್ತಿತ್ತು.

ನಮ್ಮ ಹೊಸಕೋಟೆಯ ಹತ್ತಿರ, ಶಿಡ್ಲಘಟ್ಟದ ರಸ್ತೆಯಲ್ಲಿ, ಭಾರತೀಯ ಖಗೋಳಭೌತ ವಿಜ್ಞಾನ ಸಂಸ್ಥೆಯ ಆವರಣವೊಂದಿದೆ. ನಮ್ಮ ಎಷ್ಟೋ ಜನ ಅದರ ಗೇಟಿನ ಮುಂದೆಯೇ ದಿನಾ ಓಡಾಡುತ್ತಾರೆ, ಒಳಗೆ ಏನಿದೆ ಎಂದು ಕೇಳಿದರೆ ಗೊತ್ತಿಲ್ಲ. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕವನ್ನು ಉಪಗ್ರಹದ ಮೂಲಕ ಇಲ್ಲಿ ಕುಳಿತೇ ನಡೆಸುತ್ತಾರೆ. ಸೂರ್ಯನ ಹೊರಪ್ರಭೆಯನ್ನು ನೋಡುವ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣವನ್ನು ಜೋಡಿಸಿದ್ದೂ ಇಲ್ಲೇ. ಆ ನೌಕೆ 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟದಿಂದ ಹೊರಟಿತು. ಅದರ ನೆಲೆ ಭೂಮಿಯಿಂದ 15 ಲಕ್ಷ ಕಿ.ಮೀ. ಸೂರ್ಯನ ಕಡೆಗೆ. ಕೆಪ್ಲರ್ ನಿಯಮದಂತೆ, ಸೂರ್ಯನಿಗೆ ಹತ್ತಿರವಿರುವ ಅದು ನಮಗಿಂತ ಬೇಗ ಸುತ್ತಿ ನಮ್ಮನ್ನು ಬಿಟ್ಟುಹೋಗಬೇಕಿತ್ತು. ಆದರೆ ಆ ಒಂದು ಜಾಗದಲ್ಲಿ ಭೂಮಿಯ ಸೆಳೆತ ಸೂರ್ಯನ ಸೆಳೆತವನ್ನು ಹದವಾಗಿ ತಗ್ಗಿಸುತ್ತದೆ. ದೊಡ್ಡವರ ಕೈಹಿಡಿದ ಮಗುವಿನಂತೆ ನೌಕೆ ಭೂಮಿಯ ಜೊತೆಯಲ್ಲೇ ವರ್ಷಕ್ಕೊಂದು ಸುತ್ತು ಬರುತ್ತದೆ, ಅದರ ದಾರಿ ನಮ್ಮದಕ್ಕಿಂತ ಒಂದು ಕೋಟಿ ಕಿ.ಮೀ.ನಷ್ಟು ಕಡಿಮೆ. ನಾಲ್ಕು ತಿಂಗಳು ಸಾಗಿ ಅದು ಆ ಜಾಗ ಸೇರಿದ್ದು 2024ರ ಜನವರಿ 6ರ ಸಂಜೆ, ಮೂರು ರಾಯರ ಹಬ್ಬದ ದಿನ.